ನಾನಿಯ ಕಪ್ಪು ಬೆರಳು

ಬಿಳಿ ಹೊಗೆ, ಲ್ಯಾಬಿನ ಫ್ಲಾಸ್ಕಿನ ಬಾಯಿಂದ ಇಳಿದು ನೆಲದ ಮೇಲೆ ಹರಿಯುತ್ತಿದೆ, ಶಿಡ್ಲಘಟ್ಟದ ಮನೆಯಲ್ಲಿ ಅಬ್ಬಾ ರೇಷ್ಮೆಗೂಡು ಬೇಯಿಸುವಾಗಿನ ಹಬೆಯಂತೆಯೇ, ಅದು ಮೇಲೇರುತ್ತದೆ, ಇದು ಇಳಿಯುತ್ತದೆ, ಮುಟ್ಟಿದರೆ ಎರಡೂ ಸುಡುತ್ತವೆ — ಗ್ಲೌಸ್ ಹಾಕ್ಕೊಳಮ್ಮ ತಾಹಿರಾ, ಇದೇ ಕೊನೇ ಹೀಲಿಯಂ, ಈ ಸಲಾನೂ ಗೆರೆ ಏಳಲಿಲ್ಲ ಅಂದ್ರೆ ಥೀಸಿಸ್‌ಗೆ ಬೇರೆ ವಿಷಯ ನೋಡ್ಕೊಬೇಕಾಗುತ್ತೆ, ಗೈಡ್ ಚಲಪತಿ ಸರ್ ಹೇಳಿ ಹೋದರು, ಎಂಬತ್ತೈದನೇ ಇಸವಿಯಿಂದ ನಾಲ್ಕು ವರ್ಷ ಇದೊಂದೇ ಕೆಲಸ, ಕಣ್ಣಿಗೆ ಕಾಣದ ಬೆಳ್ಳಿ ಕಣಗಳು ಮೈಕ್ರೋವೇವ್ ಅಲೆಯನ್ನು ಎಷ್ಟು ನುಂಗುತ್ತವೆಂದು ಅಳೆಯುವುದು, ಅಷ್ಟು ಸಣ್ಣದರೊಳಗೆ ಎಲೆಕ್ಟ್ರಾನುಗಳ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿರುತ್ತದಂತೆ, ಬೆಚ್ಚಗಿದ್ದರೆ ಮೆಟ್ಟಿಲು ಮಸುಕು, ಹೀಲಿಯಂನ ಚಳಿಯಲ್ಲಿ ಕಾಣಬೇಕು, ಕಾಣಲಿಲ್ಲ, ರೆಕಾರ್ಡರಿನ ಪೆನ್ನು ಮೂರು ಸಲವೂ ಸಪ್ಪೆ ಅಡ್ಡಗೆರೆ ಎಳೆಯಿತು, ಆ ಬೇಜಾರಿನಲ್ಲೇ ಹೋದ ವಾರ ಊರಿಗೆ ಹೋದೆ, ಬ್ಯಾಗಿನಲ್ಲಿ ಆ ಬೆಳ್ಳಿ ಪುಡಿಯ ಶೀಶೆ, ಬೆಳ್ಳಿ ಅಷ್ಟು ಸಣ್ಣಗಾದರೆ ಕಪ್ಪಾಗುತ್ತದೆ, ಅಮ್ಮಿಯನ್ನು ಹೆತ್ತ ನಾನಿಗೇನು ಗೊತ್ತು, ಮೊಮ್ಮಗಳು ಕಣ್ಣಿಗೆ ಹಚ್ಚಲು ಸುರ್ಮಾ ತಂದಿದ್ದಾಳೆಂದು ಹಿಗ್ಗಿ ಮುಚ್ಚಳ ತೆಗೆದು ಬೆರಳಲ್ಲಿ ಉಜ್ಜಿ — ಯಾರೇ ಇದನ್ನ ಅರೆದಿದ್ದು, ಬರೀ ಗಂಟು, ಚಿಟಿಕೆ ಚಿಟಿಕೆ ಹಾಕಿ ಅರೀಬೇಕು ಬೇಟಿ — ಬೆರಳು ತನ್ನ ಕಣ್ಣಿನತ್ತ ಹೋಯಿತು, ನಾನು ಕಿರುಚಿದೆ, ಮುದುಕಿ, ಬುದ್ಧಿ ಇಲ್ವಾ ನಿಂಗೆ ಅಂತ, ಹಸುಗೂಸಾಗಿದ್ದಾಗಿನಿಂದ ನನ್ನ ಕಣ್ಣಿಗೆ ಸುರ್ಮಾ ಹಚ್ಚಿದವಳಿಗೆ, ಬೆರಳು ಅಲ್ಲೇ ನಿಂತಿತು, ಕಣ್ಣ ಹತ್ತಿರ, ತುದಿ ಕಪ್ಪಗೆ.

ನಾನಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಬಸ್ಸಿಗೆ ಹೊತ್ತಾಯಿತೆಂದು ರೊಟ್ಟಿ ಕಟ್ಟಿಕೊಟ್ಟಳು, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಿದೆ, ರೊಟ್ಟಿಯ ಅಂಚಿನಲ್ಲಿ ಕಪ್ಪು ಬೆರಳಚ್ಚು, ಗಂಟು ಗಂಟಾಗಿ — ಗಂಟೇ, ಅಯ್ಯೋ ನಾನಿ, ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಮೆಟ್ಟಿಲೆಲ್ಲಿ ಉಳಿಯುತ್ತದೆ, ನಾಲ್ಕು ವರ್ಷ ನಾನು ಕಾಣದ್ದು ನಿನ್ನ ಬೆರಳಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು, ಲ್ಯಾಬಿಗೆ ಬಂದವಳೇ ಹೊಸ ಪುಡಿಯನ್ನು ಕರಗಿದ ಮೇಣದಲ್ಲಿ ಚಿಟಿಕೆ ಚಿಟಿಕೆ ಹಾಕಿ ಎರಡು ದಿನ ಅರೆದೆ, ತೋಳು ಬಿದ್ದುಹೋಯಿತು — ಈಗ ಪೆನ್ನು ಅಲುಗಿತು, ಏಳುತ್ತಿದೆ, ಬಾಗಬೇಕಾದಲ್ಲೇ ಬಾಗಿತು, ಸರ್ ಓಡಿ ಬಂದರು, ಬಂತಲ್ಲಮ್ಮ, ಯಾರು ಹೇಳ್ಕೊಟ್ರು ನಿಂಗೆ, ನಮ್ಮ ನಾನಿ ಸರ್, ಅವರು ನಕ್ಕರು, ನಾನೂ ನಕ್ಕೆ, ಶನಿವಾರ ಹೋಗಿ ಅವಳ ಮಡಿಲಲ್ಲಿ ತಲೆ ಇಡುತ್ತೇನೆ, ತಲೆ ಸವರುತ್ತಾಳೆ, ಬಡವಾಗಿದ್ದೀಯ ಅನ್ನುತ್ತಾಳೆ, ನನ್ನ ಕಣ್ಣು ಕೆಡುತ್ತೆ ಅಂತ ತಾನೇ ಕೂಗಿದ್ದು ಅನ್ನುತ್ತಾಳೆ, ಹೂಂ ಎನ್ನಲೇ, ಅಲ್ಲ ನಾನಿ, ಪುಡಿ ಹಾಳಾಗುತ್ತೆ ಅಂತ ಕೂಗಿದ್ದು ಎನ್ನಲೇ, ನಿನ್ನ ಕಣ್ಣು ಆಮೇಲೆ ನೆನಪಾಯಿತು, ಪೆನ್ನು ಗೆರೆ ಎಳೆಯುತ್ತಲೇ ಇದೆ, ಕಾಗದದ ತುಂಬ, ಆ ಬೆರಳು ಮಾತ್ರ ಅಲ್ಲೇ, ಕಣ್ಣ ಹತ್ತಿರ, ತುದಿ ಕಪ್ಪಗೆ