ಉಯೆನ್ ಹೆಸರಿನ ಮೊದಲಕ್ಷರ

ಕವಿ ಥ್ವಾಯ್ ಅವರ ಕೈಬರಹವನ್ನು ಕಂಪ್ಯೂಟರಿನ ಅಚ್ಚಕ್ಷರವಾಗಿ, ಅಂದರೆ ಫಾಂಟಾಗಿ, ಮಾಡಿಕೊಡುತ್ತೇನೆಂದು ಒಪ್ಪಿಕೊಂಡ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ತಪ್ಪು ನನ್ನದೇ. ಕವಿಯ ತಮ್ಮನ ಮಗ ಲುವಾನ್ ಪುಸ್ತಕ ಪ್ರಕಾಶಕ. ಒಂದು ದಿನ ನನ್ನ ಕೋಣೆಗೆ ಬಂದು, "ದೊಡ್ಡಪ್ಪನ ಮೂರನೇ ವರ್ಷದ ತಿಥಿಗೆ ಅವರ ಎಲ್ಲಾ ಕವಿತೆ ಸೇರ್ಸಿ ಪುಸ್ತಕ ತರ್ತಿದೀನಿ ದಿಯೆಪ್. ಪೂರ್ತಿ ಅವರ ಅಕ್ಷರದಲ್ಲೇ ಇರ್ಬೇಕು" ಎಂದ. ನಾನು ಹೂಂ ಎಂದುಬಿಟ್ಟೆ. ಮೂಲ ಹಾಳೆಗಳು ಎಲ್ಲಿವೆ ಎಂದು ಕೇಳುವಷ್ಟು ಬುದ್ಧಿ ಬೇಡವೇ ನನಗೆ?

ಹಾಳೆಗಳಿಗಾಗಿ ಜಾ ಹೋಯ್ ಬೀದಿಯ ಅವರ ಮನೆಗೆ ಹೋದೆ. ಕವಿಯ ಹೆಂಡತಿ ಉಯೆನ್ ಅಜ್ಜಿ ಅಂಗಳದಲ್ಲಿ ಕೂತು ತಾವರೆ ಬೀಜದ ಸಿಪ್ಪೆ ಸುಲಿಯುತ್ತಿದ್ದರು.

"ಹಾಳೆಗಳಾ? ಸುಟ್ಬಿಟ್ಟೆ" ಎಂದರು.

"ಸುಟ್ರಾ?"

"ನೂರನೇ ದಿನದ ಪೂಜೇಲಿ. ಕಾಗದದ ಅಂಗಿ, ಕಾಗದದ ಚಪ್ಪಲಿ ಎಲ್ಲಾ ಕಳಿಸ್ತೀವಲ್ಲ, ಅದರ ಜೊತೇಲೇ ಕಳಿಸ್ದೆ. ಅವರ ಹಾಳೆ ಅವರಿಗೆ ಸೇರ್ಬೇಕು ತಾನೆ? ಇಲ್ಲಾಂದ್ರೆ ದಿನಾ ಕನಸಲ್ಲಿ ಬಂದು 'ಎಲ್ಲಿಟ್ಟೆ, ಎಲ್ಲಿಟ್ಟೆ' ಅಂತ ಪ್ರಾಣ ತಿನ್ನೋರು."

ನನಗೆ ಮೈಯೆಲ್ಲ ಉರಿಯಿತು. ಸತ್ತವರ ಸೊತ್ತು ಸುಟ್ಟು ಕಳಿಸುವುದು ನಮ್ಮ ಮನೆಯಲ್ಲೂ ಉಂಟು. ನಮ್ಮಪ್ಪನಿಗೆ ಕಾಗದದ ಸ್ಕೂಟರನ್ನೇ ಕಳಿಸಿದ್ದೇವೆ. ಆದರೆ ಒಬ್ಬ ಕವಿ ಜೀವಮಾನವಿಡೀ ಬರೆದದ್ದನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಬೆಂಕಿ ಹಚ್ಚುವುದೇ! ಕವಿತೆಗಳೇನೋ ಹೇಗೂ ಆಗಲೇ ಅಚ್ಚಾಗಿದ್ದವು. ಹೋದದ್ದು ಅವರ ಕೈ. ನನಗೆ ಬೇಕಾಗಿದ್ದದ್ದೂ ಅದೇ.

ಲುವಾನನಿಗೆ ಹೇಳಿದರೆ, "ಗೊತ್ತು ಕಣೇ. ಹೇಳಿದ್ರೆ ನೀನು ಒಪ್ಕೋತಿರ್ಲಿಲ್ಲ" ಎಂದು ಹಲ್ಲು ಕಿರಿದ.

ಕೆಲಸ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಏಕೆಂದರೆ ಆ ಬರಹವನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಅದು ತಲೆ ಹೊಕ್ಕಿತ್ತು. ನಮ್ಮ ಭಾಷೆಯ ಅಕ್ಷರಗಳ ತಲೆಯ ಮೇಲೆ ಉಚ್ಚಾರ ತೋರಿಸುವ ಟೋಪಿ, ಕೊಕ್ಕೆ, ಚುಕ್ಕೆಗಳ ಸಂತೆಯೇ ಇರುತ್ತದೆ. ಬೇರೆಯವರು ಒಂದು ಪದ ಬರೆದು ಅದರ ಟೋಪಿ ಹಾಕಿ ಮುಂದೆ ಹೋಗುತ್ತಾರೆ. ಥ್ವಾಯ್ ಇಡೀ ಸಾಲು ಬೋಳುಬೋಳಾಗಿ ಬರೆದು, ಕೊನೆಗೆ ಹಿಂದಕ್ಕೆ ಓಡಿಬಂದು ಟೋಪಿಗಳನ್ನು ಎಸೆಯುತ್ತಿದ್ದರು. ಒಬ್ಬರ ಟೋಪಿ ಪಕ್ಕದವರ ತಲೆಗೆ ಬೀಳುತ್ತಿತ್ತು. ಓದುವವರ ಕಣ್ಣಿಗೂ ಓಟವೇ. ಆ ಓಟವನ್ನು ಹಿಡಿಯಬೇಕು ಎಂಬ ಹಟ ನನ್ನದು.

ಮನೆಯಲ್ಲಿ ಸುಟ್ಟರೇನು, ಊರಿನಲ್ಲಿ ಉಳಿದಿರಬೇಕಲ್ಲ. ಹೊಸವರ್ಷದ ತೆತ್ ಹಬ್ಬದಲ್ಲಿ ಜನ ಅವರ ಬಳಿ ಹೋಗಿ ಅಕ್ಷರ ಬೇಡಿ ತರುತ್ತಿದ್ದರು. 'ನೆಮ್ಮದಿ' ಎಂದೋ 'ಸಹನೆ' ಎಂದೋ ಬರೆಸಿಕೊಂಡು ಬಾಗಿಲಿಗೆ ಅಂಟಿಸುತ್ತಿದ್ದರು. ಸ್ಕೂಟರಿನಲ್ಲಿ ಹ್ವೇ ಊರಿಡೀ ಸುತ್ತಿದೆ. ದರ್ಜಿಯ ಅಂಗಡಿಯಲ್ಲಿ ಕವಿ ಬರೆದುಕೊಟ್ಟ ಅಳತೆಯ ಚೀಟಿ ಸಿಕ್ಕಿತು, ಯಾರದೋ ಮದುವೆಯ ಹಾರೈಕೆ ಸಿಕ್ಕಿತು. ದೋಂಗ್ ಬಾ ಮಾರುಕಟ್ಟೆಯ ಹಿಂದಿನ ಶ್ಯಾವಿಗೆ ಅಂಗಡಿಯ ಗೋಡೆಯಲ್ಲಿ ಅವರೇ ಬರೆದ ಹಲಗೆ ಇತ್ತು.

"ಫೋಟೋ ತೆಗೀಬೇಕಾ? ಮೊದಲು ತಿನ್ನು" ಎಂದಳು ಅಂಗಡಿಯವಳು. "ಅವರೂ ದುಡ್ಡಿಲ್ದೆ ತಿಂದು ಆ ಹಲಗೆ ಬರ್ದುಕೊಟ್ಟಿದ್ದು. ನೀನು ದುಡ್ಡು ಕೊಟ್ಟು ತಿಂದು ಫೋಟೋ ತೆಗಿ."

ಹೀಗೆ ಒಂದೊಂದೇ ಅಕ್ಷರ ಕೂಡಿತು. ಆದರೆ ಹಕ್ಕುಗಳೆಲ್ಲ ಅಜ್ಜಿಯ ಹೆಸರಿನಲ್ಲಿದ್ದವು. ಅವರು ಹೂಂ ಎನ್ನದೆ ಪುಸ್ತಕವೂ ಇಲ್ಲ, ಅಚ್ಚಕ್ಷರವೂ ಇಲ್ಲ. ಒಪ್ಪಿಗೆ ಕೇಳಲು ಹೋದಾಗ ಅವರು ಕೇಳಿದ್ದು ಒಂದೇ.

"ಎಲ್ಲಾ ಆದ್ಮೇಲೆ ಮೊದಲು ನನ್ನ ಹೆಸರು ಹೊಡೆದು ತಾ. ಅವರ ಅಕ್ಷರದಲ್ಲಿ ನನ್ನ ಹೆಸರು ನೋಡ್ಬೇಕು. ಆಮೇಲೆ ಹೇಳ್ತೀನಿ."

ಅದೇನು ಮಹಾ ಎಂದುಕೊಂಡು ಬಂದೆ. ಮನೆಗೆ ಬಂದು ಅಕ್ಷರಗಳನ್ನೆಲ್ಲ ಹರಡಿ ನೋಡಿದೆ. ಉಯೆನ್ ಎಂಬ ಹೆಸರು ಶುರುವಾಗುವ ದೊಡ್ಡಕ್ಷರ, ಎಂದರೆ ಕ್ಯಾಪಿಟಲ್ ರೂಪ, ನನ್ನ ಬಳಿ ಇರಲಿಲ್ಲ. ಅದರ ಚಿಕ್ಕ ರೂಪ ಬೇಕಾದಷ್ಟಿತ್ತು, ದೊಡ್ಡದು ಎಲ್ಲೂ ಇಲ್ಲ. ಮತ್ತೆ ಊರು ಸುತ್ತಿದೆ. ದರ್ಜಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡ. ಸಿಗಲಿಲ್ಲ.

"ನೀನೇ ಒಂದು ಹುಟ್ಟಿಸ್ಬಿಡು" ಎಂದ ಲುವಾನ್. "ದೊಡ್ಡಮ್ಮನ ಕನ್ನಡಕ ಸೋಡಾ ಬಾಟ್ಲಿ ತಳದ ಹಾಗಿದೆ. ಏನು ಕಾಣ್ಸತ್ತೆ?"

"ಗಂಡನ ಕೈ ಗೊತ್ತಾಗಲ್ವೇನೋ?"

"ಗೊತ್ತಾದ್ರೆ ಪುಸ್ತಕ ಹೋಗತ್ತೆ. ಹುಟ್ಟಿಸ್ದೇ ಇದ್ರೂ ಹೋಗತ್ತೆ. ಯೋಚ್ನೆ ಮಾಡು."

ಯೋಚನೆ ಮಾಡಿದೆ, ತಲೆ ಕೆಟ್ಟುಹೋಯಿತು. ಒಂದು ಅಕ್ಷರದ ಬಾಲ, ಇನ್ನೊಂದರ ಹೊಟ್ಟೆ ಸೇರಿಸಿ ಹೊಲಿದೆ. ಎರವಲು ಕೋಟು ತೊಟ್ಟ ಮದುಮಗನಂತೆ ನಿಂತಿತು. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಊಟದ ತಟ್ಟೆಯ ಮೇಲೂ ಬೆರಳು ಅದನ್ನೇ ಬರೆಯುತ್ತಿತ್ತು. ಅಜ್ಜಿಯ ಬಳಿ ಹೋಗಿ ಸುತ್ತಿಬಳಸಿ ಕೇಳಿದೆ, "ತಾತ ನಿಮಗೆ ಕಾಗದ ಗೀಗದ ಬರೀತಿದ್ರಾ?"

"ಅಡುಗೆಮನೇಲಿರೋಳಿಗೆ ಯಾಕೆ ಬರೀಬೇಕು? 'ಮಿನ್, ಟೀ ಕೊಡು' ಅಂದ್ರೆ ಸಾಕಲ್ಲ. ಎಲ್ಲಾ ಗಂಡಂದಿರೂ ಹೆಂಡ್ತಿ ಹೆಸರು ಹೇಳ್ದೆ ಮಿನ್ ಅಂತಾನೇ ತಾನೆ ಕರೆಯೋದು?"

ತಿಥಿ ಹತ್ತಿರ ಬಂತು. ಕಡೆಗೆ ಒಂದು ಮಧ್ಯಾಹ್ನ ಕೋಪ ಬಂದು ಕವಿಯ ಅಕ್ಷರಗಳನ್ನೆಲ್ಲ ಮುಚ್ಚಿಟ್ಟೆ. ಪೆನ್ನು ತೆಗೆದುಕೊಂಡು, ಅಜ್ಜಿಯನ್ನು ನೆನೆಸಿಕೊಂಡು, ನನ್ನದೇ ಕೈಯಲ್ಲಿ ಆ ಅಕ್ಷರವನ್ನು ಒಂದೇ ಉಸಿರಿಗೆ ಬರೆದೆ. ಅದು ಚೆನ್ನಾಗಿತ್ತು, ಕವಿಯದ್ದೇ ಎನ್ನುವಷ್ಟು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ತಿಥಿಯ ಹಿಂದಿನ ದಿನ ಹಾಳೆ ಹಿಡಿದು ಹೋದೆ. ಮದುವೆಯ ಹಾರೈಕೆಯಲ್ಲೇ ಸಿಕ್ಕಿತು ಎಂದು ಹೇಳಲು ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಜ್ಜಿ ಅಕ್ಕಿಹಿಟ್ಟಿನ ಕಡುಬನ್ನು ಬಾಳೆಲೆಯಲ್ಲಿ ಮಡಿಸುತ್ತಿದ್ದರು. ಕೈ ತೊಳೆದು ಒರೆಸಿಕೊಂಡು ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ಅಜ್ಜಿ, ಅದು ಒಂದು ಮದುವೆ ಹಾರೈಕೇಲಿ..."

"ಇದನ್ನ ನೀನು ಬರ್ದಿದ್ದು" ಎಂದರು.

ಬಾಯಿಪಾಠವೆಲ್ಲ ಮರೆತುಹೋಯಿತು. "ಹೇಗೆ ಗೊತ್ತಾಯ್ತು?"

"ನಾನೇನು ಕಣ್ಮುಚ್ಕೊಂಡು ಸುಟ್ಟೆ ಅಂದ್ಕೊಂಡ್ಯಾ? ಒಂದೊಂದು ಹಾಳೇನೂ ಓದಿ ಹಾಕ್ದೆ. ದಿನವಿಡೀ ಕುಕ್ಕರಗಾಲಲ್ಲಿ ಕೂತಿದ್ದೆ. ನದಿ ಇತ್ತು, ಚಂದ್ರ ಇದ್ದ, ದೋಣಿ ನಡೆಸೋ ಹುಡುಗಿ ಇದ್ಲು. ಪಕ್ಕದ್ಮನೆ ನಾಯಿ ಹೆಸರು ಕೂಡ ಇತ್ತು ಕಣೇ. ಆ ದೊಡ್ಡಕ್ಷರ ಎಲ್ಲೂ ಇರ್ಲಿಲ್ಲ, ನನ್ನ ಹೆಸರು ಒಂದು ಕಡೇನೂ ಇರ್ಲಿಲ್ಲ."

"ಆ ಕೋಪಕ್ಕೆ ಸುಟ್ರಾ?"

"ಛೆ. ಅವರದ್ದು ಅವರಿಗೆ ಕಳಿಸ್ದೆ. ಕೋಪಾನೂ ಬಂತು ಅನ್ನು. ಅದು ಬೇರೆ."

"ಹಾಗಾದ್ರೆ ಇಲ್ಲ ಅಂತ ಗೊತ್ತಿದ್ದೂ ನನ್ನನ್ನ ಯಾಕೆ ಕೇಳಿದ್ರಿ?"

"ಬರ್ದಿದ್ರೆ ಹೇಗಿರ್ತಿತ್ತು ಅಂತ ನೋಡೋ ಆಸೆ. ಆಸೆ ಪಡಬಾರ್ದಾ?"

ನನಗೆ ಅಳು ಬಂತು. ಅಕ್ಷರ ತೆಗೆದುಹಾಕುತ್ತೇನೆ, ಅವರು ಬರೆಯದ್ದನ್ನು ಅವರ ಹೆಸರಿನಲ್ಲಿ ಮಾರುವುದು ಮೋಸ, ಪುಸ್ತಕವೇ ಬೇಡ ಎಂದೆಲ್ಲ ಒದರಿದೆ. ಅಜ್ಜಿ ಮೂಗಿನ ಮೇಲಿಂದ ಕನ್ನಡಕ ಇಳಿಸಿ ನನ್ನನ್ನು ಗದರಿದರು.

"ಸುಮ್ನಿರು. ತೆಗೀಬೇಡ. ಲುವಾನ್‌ಗೆ ಹೇಳು, ನಾನು ಒಪ್ಪಿದೀನಿ ಅಂತ. ಒಂದೇ ಮಾತು. ಪುಸ್ತಕದಲ್ಲಿ ಹಾಕ್ಸು: ಈ ಒಂದು ಅಕ್ಷರ ಅವರು ಬರ್ದಿದ್ದಲ್ಲ, ದಿಯೆಪ್ ಬರ್ದಿದ್ದು ಅಂತ. ಓದೋರು ಯಾಕೆ ಅಂತ ಕೇಳ್ಲಿ."

ಅವರು ಹಾಳೆ ಹಿಡಿದು ಒಳಕೋಣೆಗೆ ಹೋದರು. ಹಣ್ಣು, ಹೂವು ಇಟ್ಟು ಅಲಂಕರಿಸಿದ ಪೀಠದ ಮೇಲೆ ಕವಿಯ ಫೋಟೋ ನಗುತ್ತಿತ್ತು. ಹಾಳೆಯನ್ನು ಫೋಟೋದ ಮುಂದೆ, ಅವರ ಕಣ್ಣಿಗೆ ನೇರವಾಗಿ ಕಾಣುವ ಹಾಗೆ ಒರಗಿಸಿ ಇಟ್ಟರು.

"ತಗೊಳ್ಳಿ, ಇದು ನನ್ನ ಹೆಸರು" ಎಂದರು ಅವರಿಗೆ. "ಕೂತು ತಿದ್ದಿ."

ಆಮೇಲೆ ಪಕ್ಕದಲ್ಲಿ ಒಂದು ಪೆನ್ನನ್ನೂ ಇಟ್ಟರು.