ಬಿಸಿಲಿಗೆ ಹಿಡಿದ ಕೌದಿ, ಬೆಳಕಿಗೆ ಹಿಡಿದ ಕಣ್ಣು

ಗುರಮ್ಮಕ್ಕ ತಾನು ಹೊಲಿಯುತ್ತಿದ್ದ ಕೌದಿಯ ಮೇಲೆ ಬಿದ್ದ ಒಂದು ಕಪ್ಪು ದಾರವನ್ನು ಆರಿಸಲು ಶುರು ಮಾಡಿ ಹದಿನೈದು ದಿನವಾಗಿತ್ತು. ಚಿವುಟಿದರೆ ಬೆರಳಿಗೆ ಸಿಗುವುದಿಲ್ಲ. ಝಾಡಿಸಿದರೆ ಬೀಳುವುದಿಲ್ಲ.

“ಸುಮಿತ್ರಾ, ಈ ದಾರ ಒಂದು ತೆಗಿ ಬೇ. ನನ್ನ ಕೈಗೆ ಸಿಗವಲ್ದು,” ಎಂದು ಒಂದು ದಿನ ನನ್ನನ್ನು ಕರೆದಳು.

ನಾನು ಸುಮಿತ್ರಾಬಾಯಿ. ಆಳಂದದಲ್ಲಿ ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಕರೆದರೂ ಹೋಗುತ್ತೇನೆ, ಕರೆಯದಿದ್ದರೂ ಹೋಗುತ್ತೇನೆ. ಬಗ್ಗಿ ನೋಡಿದೆ. ಹಳೇ ಹಸಿರು ಸೀರೆಯ ತುಂಡು, ಅದರ ಮೇಲೆ ಸಾಲಾಗಿ ಬಿಳಿ ಹೊಲಿಗೆ. ದಾರಗೀರ ಏನೂ ಇರಲಿಲ್ಲ.

“ಎಲ್ಲಿ ಅದ ಅಕ್ಕಾ ದಾರ?”

“ಇಲ್ಲೇ ನೋಡು, ಕುಣ್ಯಾಕತ್ತದ.”

ನಾನು ನಕ್ಕುಬಿಟ್ಟೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಗುರಮ್ಮಕ್ಕನ ಬಲಗಣ್ಣು ಮಳೆಗಾಲದಲ್ಲೇ ಮಂಜಾಗಿತ್ತು. ಸೂಜಿಗೆ ಒಂದು ಕಣ್ಣು ಸಾಕು ಎಂದುಕೊಂಡು ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ದಾರ ಕುಣಿಯುತ್ತಿದ್ದದ್ದು ಆ ಒಂದು ಎಡಗಣ್ಣಿನಲ್ಲಿ.

ಇದು ತೊಂಬತ್ತಾರರ ಮಾತು, ದೀಪಾವಳಿ ಮುಗಿದಿತ್ತು. ಮಕ್ಕಳಿಗೆ ಪೋಲಿಯೊ ಹನಿ ಹಾಕಲು ಸರಕಾರಿ ದವಾಖಾನೆಯ ನರ್ಸ್ ವಜೀರುನ್ನಿಸಾ ನಮ್ಮ ಓಣಿಗೆ ಬಂದಿದ್ದಳು. ನಾನು ತಮಾಷೆಯಾಗಿ ದಾರದ ಕಥೆ ಹೇಳಿದೆ. ಅವಳು ನಗಲಿಲ್ಲ. ಸೀದಾ ಗುರಮ್ಮಕ್ಕನ ಹತ್ತಿರ ಹೋಗಿ ಕುಳಿತಳು.

“ಗುರಮ್ಮಕ್ಕ, ಆ ಬಿಳಿ ಗ್ವಾಡಿ ನೋಡ್ರಿ. ಅಲ್ಲೂ ದಾರ ಅದ ಏನು?”

“ಅದರೀ. ಅಲ್ಲೂ ಅದ.”

“ಹಂಗಾದ್ರ ದಾರ ಅರಿವಿ ಮ್ಯಾಲಿಲ್ಲ, ಕಣ್ಣಾಗ ಅದ. ನಿಮಗ ಸಕ್ಕರಿ ಬ್ಯಾನಿ ಶುರುವಾಗಿ ಆರು ವರ್ಷ ಆತು. ಕಣ್ಣಿನ ಹಿಂದ ಒಂದು ತೆಳು ಪರದಿ ಇರ್ತದ. ನಾವು ನೋಡಿದ್ದೆಲ್ಲಾ ಅದರ ಮ್ಯಾಲೆ ಬೀಳ್ತದ. ಸಕ್ಕರಿ ಹೆಚ್ಚಾದ್ರ ಆ ಪರದಿಯ ರಕ್ತನಾಳ ಸೋರತಾವ. ಸೋರಿದ ರಕ್ತ ನಿಮಗ ದಾರದಂಗ ಕಾಣಾಕತ್ತದ. ಈ ವಾರನೇ ಸೋಲಾಪುರಕ್ಕ ಹೋಗ್ರಿ.”

ಹೊರಡುವಾಗ ನನ್ನ ಕಡೆ ತಿರುಗಿದಳು. “ಸುಮಿತ್ರಾಬಾಯಿ, ಸಕ್ಕರಿ ನಿಮಗೂ ಅದ. ನೀವೂ ತೋರಿಸ್ಕೊಂಡು ಬರ್ರಿ.”

“ನನಗ ಇರಿವಿ ಕಾಲೂ ಕಾಣ್ತಾವ. ನಿನ್ನ ಹನಿ ಹಾಕೋ ಕೆಲಸ ನೋಡ್ಕೋ ಹೋಗವ್ವ,” ಎಂದು ಅವಳ ಬಾಯಿ ಮುಚ್ಚಿಸಿದೆ.

ಗುರಮ್ಮಕ್ಕ ಗಂಡ ಮಲ್ಲಣ್ಣನ ಜೊತೆ ಸೋಲಾಪುರಕ್ಕೆ ಹೋದಳು. ಅಲ್ಲಿಯ ಡಾಕ್ಟರಬಾಯಿ ಕೈಯ ನರಕ್ಕೆ ಹಳದಿ ಔಷಧ ಕೊಟ್ಟು ಕಣ್ಣಿನ ಒಳಗಿನ ಫೋಟೋ ತೆಗೆಸಿದರು. ಬಲಗಣ್ಣಿಗೆ ಇನ್ನು ಏನೂ ಮಾಡಲಾಗದು ಎಂದರು. ಎಡಗಣ್ಣಿನ ಸೋರಿಕೆ ನಿಲ್ಲಲು ಲೇಸರ್ ಎಂಬ ಬೆಳಕಿನಿಂದ ಪರದೆಯ ಮೇಲೆ ಸಣ್ಣ ಸಣ್ಣ ಚುಕ್ಕೆ ಇಟ್ಟರು.

ಬಸ್ಸಿಳಿದು ಬಂದವಳನ್ನು ನೋಡಿ ನಾನು ಅಂಗಳಕ್ಕೆ ಓಡಿದೆ. ಮೈಯೆಲ್ಲ ಅರಿಶಿನ ಬಳಿದ ಹಾಗೆ ಹಳದಿ. ಮೂತ್ರವೂ ಕಿತ್ತಳೆ ಬಣ್ಣ ಎಂದಳು.

“ಕಾಮಣಿ ಹಚ್ಚಿ ಕಳಿಸ್ಯಾರ ನೋಡು,” ಎಂದು ನಾನು ತೀರ್ಪು ಕೊಟ್ಟೆ. ನಮ್ಮ ಕಡೆ ಕಾಮಣಿ, ಅಂದರೆ ಕಾಮಾಲೆ, ಆದರೆ ಸೊಪ್ಪಿನ ರಸ ಹಿಂಡಿ ಕಣ್ಣಿಗೆ ಬಿಡುವವರಿದ್ದಾರೆ. ನಾನೂ ಹಿತ್ತಿಲಿಗೆ ಹೋಗಿ ಸೊಪ್ಪು ಕಿತ್ತು, ಅರೆದು, ಬಟ್ಟಲು ಹಿಡಿದು ಬಂದೆ. ಗುರಮ್ಮಕ್ಕ ಪಾಪ, ತಲೆ ಹಿಂದಕ್ಕೆ ಹಾಕಿ ಕುಳಿತಿದ್ದಳು. ಒಂದು ಹನಿ ಬೀಳುವುದಷ್ಟೇ ಬಾಕಿ. ಆಗ ಬಾಗಿಲಲ್ಲಿ ವಜೀರುನ್ನಿಸಾ.

“ಆ ಬಟ್ಟಲ ಇಲ್ಲಿ ಕೊಡ್ರಿ.”

ಕೊಟ್ಟೆ. ಅವಳು ಅದನ್ನು ಬಚ್ಚಲಿಗೆ ಚೆಲ್ಲಿ ಬಂದಳು.

“ಇದು ಕಾಮಣಿ ಅಲ್ರಿ. ಫೋಟೋದಾಗ ರಕ್ತನಾಳ ಚಂದಾಗಿ ಕಾಣ್ಲಿ ಅಂತ ಕೊಟ್ಟ ಔಷಧದ ಬಣ್ಣ. ಚರ್ಮದ್ದು ನಾಳೆ ಮುಂಜಾನಿ ಅಷ್ಟೊತ್ತಿಗೆ ಹೋಗ್ತದ, ಮೂತ್ರದ್ದು ಇನ್ನೊಂದು ದಿನಕ್ಕ ಹೋಗ್ತದ. ಹೋಗ್ಲಿಲ್ಲಂದ್ರ ನಾನೇ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ತೇನಿ. ಕಣ್ಣಿಗೆ ಮಾತ್ರ ಏನೂ ಹಾಕಬ್ಯಾಡ್ರಿ. ಇರೋದು ಒಂದೇ ಕಣ್ಣು.”

ಅವಳು ಹೇಳಿದ ಹಾಗೆಯೇ ಬಣ್ಣ ಹೋಯಿತು. ನಾನೇನೂ ಸೋತೆನೆಂದು ಒಪ್ಪಿಕೊಳ್ಳಲಿಲ್ಲ, ಬಿಡಿ.

ಮತ್ತೆರಡು ಸಲ ಹೋಗಿ ಬಂದ ಮೇಲೆ ಲೇಸರ್ ಮುಗಿಯಿತು. ಸಂಕ್ರಾಂತಿಯ ಹೊತ್ತಿಗೆ ದಾರವೂ ಮಾಯವಾಯಿತು. ಮೂರು ತಿಂಗಳಿಗೆ ಬಂದು ಮತ್ತೊಮ್ಮೆ ಫೋಟೋ ತೆಗೆಸಿಕೊಳ್ಳಬೇಕು ಎಂದು ಡಾಕ್ಟರಬಾಯಿ ಚೀಟಿಯಲ್ಲಿ ಬರೆದಿದ್ದರು.

ಆ ದಿನ ಬಂದಾಗ ಮಲ್ಲಣ್ಣನೇ ತಕರಾರು ತೆಗೆದ. “ಛಲೋ ಕಾಣಾಕತ್ತದಲ್ಲ. ಮಾಯ್ದ ಗಾಯದ ಫೋಟೋ ಯಾಕ ಬೇಕು?”

“ಹೌದ ಮತ್ತ,” ಎಂದು ನಾನೂ ದನಿ ಸೇರಿಸಿದೆ. “ತಿರುಗಿ ಆ ಹಳದಿ ಔಷಧ, ತಿರುಗಿ ಬಸ್ಸು. ಹೋಗಬ್ಯಾಡಕ್ಕ.”

ವಿಚಾರಿಸಲು ಬಂದಿದ್ದ ವಜೀರುನ್ನಿಸಾ ವಾದಕ್ಕೆ ನಿಲ್ಲಲಿಲ್ಲ. ಮೂಲೆಯಲ್ಲಿ ಮಡಿಸಿಟ್ಟಿದ್ದ ಹೊಸ ಕೌದಿ ತೋರಿಸಿದಳು.

“ಗುರಮ್ಮಕ್ಕ, ಇದು ಮುಗದದ ಏನು?”

“ಮುಗದದ. ಇನ್ನ ಬಿಸಿಲಿಗೆ ಹಿಡದಿಲ್ಲ.”

ಗುರಮ್ಮಕ್ಕನ ಪದ್ಧತಿಯೇ ಅದು. ಕೌದಿ ಮುಗಿದ ಮೇಲೆ ನಾವಿಬ್ಬರೂ ಎರಡು ತುದಿ ಹಿಡಿದು ಅಂಗಳದ ಬಿಸಿಲಿಗೆ ಎತ್ತಬೇಕು. ಎಲ್ಲಿ ಪದರ ಜಾರಿದೆಯೋ ಅಲ್ಲಿ ಬೆಳಕು ತೂರಿ ಬರುತ್ತದೆ. ಅಲ್ಲಿ ಮತ್ತೆ ಹೊಲಿಗೆ ಹಾಕದೆ ಯಾರಿಗೂ ಕೊಡುವವಳಲ್ಲ.

“ಕೈಲೆ ಮುಟ್ಟಿದ್ರ ಗೊತ್ತಾಗೂದಿಲ್ಲೇನ್ರಿ?” ಎಂದಳು ವಜೀರುನ್ನಿಸಾ.

“ಹೆಂಗ ಗೊತ್ತಾಗ್ತದ? ಬಿಸಿಲಿಗೆ ಹಿಡದ್ರೇ ಖರೇ ಕಾಣ್ತದ.”

ಅಷ್ಟು ಹೇಳಿ ಗುರಮ್ಮಕ್ಕ ಮಡಿಸಿದ ಕೌದಿಯ ಮೇಲೆ ಕೈಯಿಟ್ಟಳು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. “ನಾಳೆ ಎಷ್ಟಕ್ಕ ಅದ ಬೇ ಸೋಲಾಪುರ ಬಸ್ಸು? ನೀನೂ ನಡಿ,” ಎಂದಳು.

ದವಾಖಾನೆಯಲ್ಲಿ ಫೋಟೋದ ರೀಲು ತೊಳೆದು ಒಣಗುವವರೆಗೆ ನಾವು ಬೆಂಚಿನ ಮೇಲೆ ರೊಟ್ಟಿ ಬಿಚ್ಚಿ ತಿಂದೆವು. ಮಧ್ಯಾಹ್ನ ಡಾಕ್ಟರಬಾಯಿ ಒಳಗೆ ಕರೆದರು. ಹಿಂದೆ ದೀಪ ಹಚ್ಚಿದ ಬಿಳಿ ಗಾಜಿನ ಮೇಲೆ ಎರಡು ಫೋಟೋ ಸಿಕ್ಕಿಸಿದರು. ಒಂದು ಲೇಸರಿಗೆ ಮುಂಚಿನದು, ಇನ್ನೊಂದು ಅವತ್ತಿನದು.

ನಾನು ಬಾಯಿ ತೆರೆದು ನಿಂತೆ. ಮನುಷ್ಯರ ಕಣ್ಣಿನ ಒಳಗೆ ಇಷ್ಟೆಲ್ಲ ಇದೆ ಎಂದು ನನಗೆ ಯಾರು ಹೇಳಿದ್ದರು? ಬಳ್ಳಿ ಕವಲೊಡೆದಂತೆ ರಕ್ತನಾಳಗಳು. ಹಳೇ ಫೋಟೋದಲ್ಲಿ ಅಲ್ಲಲ್ಲಿ ಹಾಲು ಚೆಲ್ಲಿದಂತೆ ಬಿಳಿ ಹರಡಿತ್ತು. ಔಷಧ ಸೋರಿದ ಜಾಗ ಅದು ಎಂದರು ಡಾಕ್ಟರಬಾಯಿ. ಹೊಸದರಲ್ಲಿ ಆ ಚೆಲ್ಲಿದ ಬಿಳಿ ಬಹುಪಾಲು ಹೋಗಿ ಸುತ್ತಲೂ ಸಾಲು ಸಾಲು ಚುಕ್ಕೆ ಕೂತಿದ್ದವು.

“ಇವು ಲೇಸರಿನ ಗಾಯ. ಚೆಂದಾಗಿ ಮಾಯ್ದಾವ,” ಎಂದರು.

ಗುರಮ್ಮಕ್ಕ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. “ಅಯ್ಯ, ಕೌದಿ ಹೊಲಿಗಿ ಹಾಕಿದಂಗ ಅದಲ್ರೀ,” ಎಂದು ಸಂಭ್ರಮದಿಂದ ಸಾಲಿನ ಮೇಲೆ ಬೆರಳಾಡಿಸುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು. “ಇಲ್ಲಿ ಬೆಳಕು ಬರಾಕತ್ತದ ನೋಡ್ರಿ. ಇಲ್ಲಿ ಹೊಲಿಗಿ ತಪ್ಪ್ಯದೇನು?”

ಡಾಕ್ಟರಬಾಯಿ ಅವಳ ಮುಖವನ್ನೇ ನೋಡಿದರು. “ನಾನು ಹೇಳಬೇಕಂದದ್ದು ಅದೇ ಜಾಗ, ಅಮ್ಮ. ಅಲ್ಲಿ ಹೊಸ ರಕ್ತನಾಳ ಹುಟ್ಟಿ ಸೋರಾಕತ್ತದ. ನಿಮಗ ಇನ್ನೂ ಏನೂ ಗೊತ್ತಾಗಿಲ್ಲ. ಇವತ್ತು ಬರದಿದ್ರ ಅದು ಒಡೆದು ಕಣ್ಣು ತುಂಬ ರಕ್ತ ಆಗ್ತಿತ್ತು.”

ಹೋಗಬ್ಯಾಡಕ್ಕ ಎಂದವಳು ನಾನು. ಸೊಪ್ಪಿನ ಬಟ್ಟಲು ಹಿಡಿದಿದ್ದವಳೂ ನಾನೇ.

ಅವತ್ತೇ ಆ ಜಾಗಕ್ಕೆ ಲೇಸರ್ ಹಾಕಿದರು. ಹೊರಡುವಾಗ ನಾನು, ಯಾರೂ ಹೇಳದಿದ್ದರೂ, ಕಣ್ಣು ನೋಡುವ ಯಂತ್ರದ ಮುಂದಿನ ಕುರ್ಚಿಯಲ್ಲಿ ಕುಳಿತು ಅದರ ಮೇಲೆ ಗದ್ದ ಇಟ್ಟೆ. “ನನಗೂ ಸಕ್ಕರಿ ಅದರಿ. ನೋಡ್ರಿ.” ನೋಡಿದರು. ಇರುವೆ ಕಾಲು ಕಾಣುವ ನನ್ನ ಕಣ್ಣಿನೊಳಗೂ ಸಣ್ಣ ಕೆಂಪು ಚುಕ್ಕೆಗಳು ಶುರುವಾಗಿದ್ದವು. ಈಗ ಲೇಸರ್ ಬೇಡ, ಸಕ್ಕರೆ ಹತೋಟಿಯಲ್ಲಿಡಿ, ಹೇಳಿದಾಗ ಬಂದು ತೋರಿಸಿ ಎಂದರು.

ಆರು ತಿಂಗಳ ಮೇಲೆ ಗುರಮ್ಮಕ್ಕನ ಇನ್ನೊಂದು ಫೋಟೋ ಆಯಿತು. ಎಲ್ಲೂ ಸೋರಿಕೆ ಇರಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು. ಈಗ ಓಣಿಯಲ್ಲಿ ಸಕ್ಕರೆ ಇದ್ದವರನ್ನು ಬೆನ್ನು ಹತ್ತಿ ಸೋಲಾಪುರಕ್ಕೆ ಕಳಿಸುವವನು ಮಲ್ಲಣ್ಣನೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಸಕ್ಕರೆ ಇದ್ದರೆ ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಒಳಗಿನ ಪರದೆ ತೋರಿಸಿ. ಲೇಸರ್ ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ, ಇರುವುದನ್ನು ಕಾಯುತ್ತದೆ. ಲೇಸರ್ ಆದ ಮೇಲೆ ಚೀಟಿಯಲ್ಲಿ ಬರೆದ ದಿನ ಹೋಗಿ ತೋರಿಸಿಕೊಳ್ಳಿ, ಫೋಟೋ ಬೇಕೆಂದರೆ ತೆಗೆಸಿ. ಗಾಯ ಮಾಯ್ದಿದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ, ಫೋಟೋಗೆ ತಿಳಿಯುತ್ತದೆ. ಫೋಟೋ ಆದ ಮೇಲೆ ಮೈ ಹಳದಿಯಾದರೆ ಹೆದರಿ ಸೊಪ್ಪು ಅರೆಯಬೇಡಿ, ನರ್ಸನ್ನು ಕೇಳಿ.

ಗುರಮ್ಮಕ್ಕ ಇವತ್ತೂ ಎಡಗಣ್ಣಿನಿಂದ ಸೂಜಿಗೆ ದಾರ ಪೋಣಿಸುತ್ತಾಳೆ. ಬಲಗಣ್ಣಿಗೆ ನಾವು ತಡವಾಗಿ ಹೋಗಿದ್ದೆವು. ನೀವು ತಡ ಮಾಡಬೇಡಿ.