ಸುಫಿಯಾನನ ಸರಪಳಿ ಬಿಚ್ಚಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಸುಫಿಯಾನನನ್ನು ಅವನ ತಾಯಿ ಗುಲ್ಷನ್ ಹಿಂದಿನ ಕೋಣೆಯ ಕಿಟಕಿಗೆ ಸರಪಳಿ ಹಾಕಿ ಕಟ್ಟಿದ್ದಳು. ಓಣಿಯವರು ಹೊರಗಿನಿಂದ ಕಲ್ಲು ಎಸೆದು ನಗುತ್ತಿದ್ದರು. ಅವನಿಗೆ ಹುಚ್ಚಂತೆ! ಕಟ್ಟಿಹಾಕಿದವನಿಗೆ ಕಲ್ಲು ಹೊಡೆಯುವವರಿಗೆ ಏನನ್ನಬೇಕು?

ಆಶಾ ಕಾರ್ಯಕರ್ತೆ ರೇವತಿ ಬಂದಾಗ ಪಕ್ಕದ ಮನೆಯ ಹನುಮಂತಪ್ಪ ಕೈಗೆ ಪಟ್ಟಿ ಸುತ್ತಿಕೊಂಡು ಗುಲ್ಷನ್ ಮನೆಯ ಜಗಲಿಯಲ್ಲಿ ಕೂತಿದ್ದ.

"ನೋಡ್ರಿ ಮೇಡಂ, ಈ ಸುಫಿಯಾನ್ ಭಟ್ಟಿ ಸಲಾಕಿ ತಗೊಂಡು ಹೊಡ್ದ. ಗೋಡೆ ಆಚೆಯಿಂದ ನಾನು ಬೈತೀನಂತೆ! ನಾನು ಉಸಿರೇ ಎತ್ತಿರ್ಲಿಲ್ಲ. ಇಂಥೋರು ಯಾವತ್ತಿದ್ರೂ ಅಪಾಯ. ನಾಳೆ ಓಣಿಯೋರು ಸೇರಿ ದೂರ ಎಲ್ಲಾದ್ರೂ ಬಿಟ್ಟು ಬರ್ತೀವಿ."

"ನಿಮಗೆ ಪೆಟ್ಟು ಬಿದ್ದಿದ್ದು ನಿಜ ಅಣ್ಣಾ. ಆದ್ರೆ ನಿಮ್ಮ ಮಗಳ ಮದುವೆಗೆ ಇವನೇ ಮಂಡಕ್ಕಿ ಚೀಲ ಹೊತ್ತು ತಂದಿದ್ನಲ್ಲ? ಆಗ ಯಾಕ ಹೊಡೀಲಿಲ್ಲ?"

"ಆಗ ಗುಳಿಗೆ ತಗೋತಿದ್ದ," ಎಂದ ಹನುಮಂತಪ್ಪ.

ರೇವತಿ ಬಾಗಿಲಲ್ಲಿ ನಿಂತಿದ್ದ ಗುಲ್ಷನ್ ಕಡೆ ತಿರುಗಿದಳು.

"ರಂಜಾನ್ ಬಂತಲ್ರಿ," ಎಂದಳು ಗುಲ್ಷನ್. "ರೋಜಾ ಉಪವಾಸ ಇರೋ ಮಗನಿಗೆ ಹೆಂಗೆ ಗುಳಿಗೆ ಕೊಡ್ಲಿ? ಆರಾಮೂ ಆಗಿದ್ದ, ಬಿಡಿಸಿಬಿಟ್ಟೆ. ಹಬ್ಬ ಆದ ಮ್ಯಾಲೂ ಕೊಡ್ಲಿಲ್ಲ. ಈಗ ತಾಯಿತ ಕಟ್ಟಿಸೀನಿ."

"ಡಾಕ್ಟರನ್ನ ಒಂದ್ ಮಾತು ಕೇಳಬಾರ್ದಾ ಅಕ್ಕಾ? ರೋಜಾ ಇರೋರಿಗೆ ಹೊತ್ತು ಹೊಂದಿಸಿ ಕೊಡ್ತಾರೆ. ಅವನು ಆರಾಮಿದ್ದಿದ್ದೇ ಗುಳಿಗೆಯಿಂದ! ತಾಯಿತ ಬೇಕಾದ್ರೆ ಇರ್ಲಿ, ಗುಳಿಗೆ ಬಿಡಬ್ಯಾಡ್ರಿ. ಇಲ್ಲದ ದನಿ ಅವನಿಗೆ ಕೇಳಿಸ್ತೈತೆ, ಹೆದರಿ ಕೈ ಎತ್ಯಾನೆ. ಈ ಮನಸ್ಸಿನ ಕಾಯಿಲೆ ಇರೋರು ಬಹಳ ಜನ ಯಾರಿಗೂ ಕೈ ಮಾಡಲ್ಲ, ಅವರೇ ಹೊಡೆತ ತಿಂತಾರೆ. ಚಿಕಿತ್ಸೆ ತಪ್ಪಿದಾಗ, ಕುಡಿತ ಸೇರಿದಾಗ ಅಪಾಯ ಹೆಚ್ಚು. ಸರಪಳಿಗೆ ಕಾಯಿಲೆ ಹೋಗಲ್ಲ."

ಅಷ್ಟರಲ್ಲಿ ಕಿಟಕಿಗೆ ಕಲ್ಲೊಂದು ಬಡಿಯಿತು. ಒಳಗೆ ಸರಪಳಿ ಸದ್ದಾಯಿತು.

"ಹೊಡೀಬ್ಯಾಡ್ರಿ, ನಾನೇನೂ ಮಾಡಲ್ಲ," ಎಂದು ಸುಫಿಯಾನ್ ಅಳುತ್ತಿದ್ದ.

ಹನುಮಂತಪ್ಪ ಎದ್ದ. ತನಗೆ ಹೊಡೆದವನು ತನಗಿಂತ ಹೆಚ್ಚು ಹೆದರಿದ್ದಾನೆಂದು ಅವನಿಗೆ ಗೊತ್ತಾಗಿದ್ದು ಆ ಅಳು ಕೇಳಿದಾಗಲೇ. ಬೀದಿಗೆ ಹೋಗಿ ಅಲ್ಲಿದ್ದವರಿಗೆ ಗದರಿದ.

"ನಾಚಿಕೆ ಆಗಲ್ಲೇನ್ರೋ? ನಡೀರಿ ಇಲ್ಲಿಂದ! ಗುಲ್ಷನಕ್ಕಾ, ಸರಪಳಿ ಬಿಚ್ಚು. ನಾನೇ ಆಟೋ ತರ್ತೀನಿ."

"ಓಣಿಯೋರು ಸುಮ್ನಿರ್ತಾರಾ?" ಎಂದಳು ಗುಲ್ಷನ್.

"ಓಣಿಯೋರಿಗೆ ನಾನು ಹೇಳ್ತೀನಿ. ಪೆಟ್ಟು ತಿಂದೋನು ನಾನಲ್ಲೇನು?"

ಗುಲ್ಷನ್ ಸರಪಳಿ ಬಿಚ್ಚಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಚಿಕಿತ್ಸೆ ಶುರುವಾಯಿತು. ದನಿಗಳು ಒಂದೇ ದಿನಕ್ಕೆ ನಿಲ್ಲಲಿಲ್ಲ, ನಿಧಾನವಾಗಿ ತಗ್ಗಿದವು. ಈಗ ಸುಫಿಯಾನ್ ಭಟ್ಟಿಗೆ ಹೋಗುತ್ತಾನೆ. ಈ ಸಲ ರಂಜಾನ್‌ಗೆ ಮೊದಲೇ ಗುಲ್ಷನ್ ಡಾಕ್ಟರನ್ನು ಕೇಳಿದಳು. ಹನುಮಂತಪ್ಪ ಸಂಜೆ ಗೋಡೆಯಾಚೆಯಿಂದ ನಿಜವಾಗಿಯೂ ಕೂಗುತ್ತಾನೆ: "ಗುಳಿಗೆ ಆತೇನಪ್ಪಾ?"

ಓದುಗರೇ, ನಿಮ್ಮ ಓಣಿಯಲ್ಲೂ ಒಬ್ಬ ಸುಫಿಯಾನ್ ಇರಬಹುದು. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಯಾರಾದರೂ ಹೊಡೆಯುವಷ್ಟು ಕೆರಳಿದ್ದರೆ ಮೈಮೇಲೆ ಬೀಳದೆ ದೂರ ನಿಂತು 112ಕ್ಕೆ ಕರೆ ಮಾಡಿ. ಕಾಯಿಲೆಯವನನ್ನು ಕಟ್ಟಿ ಊರು ಕಾಯುತ್ತೇವೆ ಎನ್ನುವುದು ಬರೀ ಹೇಡಿತನ. ಸರಪಳಿ ತರಲು ಅಂಗಡಿಗೆ ನಡೆದ ಕಾಲು ಆಸ್ಪತ್ರೆಗೂ ನಡೆಯುತ್ತದೆ. ನಡೆಯಿರಿ.